ಅಳಿಯನಿಗೂ ಹೇಳಬಾರದ ಆರು ಅಂಕಿ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರು ಶ್ರೀಲಂಕಾದ ಒಬ್ಬ ಹೆಂಗಸು. ಹಾಸನದ ಹೊರವಲಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕಲಿಸುವ ಕೆಲಸ. ವಯಸ್ಸು ನಲವತ್ತೇಳು. ಇದು ನಾನು ಕೇಳಿ ತಿಳಿದದ್ದಲ್ಲ, ಬಾಡಿಗೆ ಕರಾರಿಗೆ ಲಗತ್ತಿಸಿದ್ದ ಪಾಸ್‌ಪೋರ್ಟ್ ಪ್ರತಿಯಲ್ಲಿ ನೋಡಿದ್ದು. ಕನ್ನಡವನ್ನು ಅವರು ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕಲಿತರು. ಕಲಿಸಿದವರು ಅರಕಲಗೂಡು, ಹೊಳೆನರಸೀಪುರದ ಕಡೆಯ ಹೆಂಗಸರು. ಮೂವತ್ತು ವರ್ಷ ಪತ್ರಿಕಾ ಕಚೇರಿಯಲ್ಲಿ ಕೂತು ನಾನು ಬೇರೆಯವರ ಬರಹದಿಂದ ತಿದ್ದಿ ತೆಗೆದ ಮಾತುಗಳೆಲ್ಲ ಈಗ ದಿನವೂ ಬೆಳಿಗ್ಗೆ ಮಹಡಿ ಮೆಟ್ಟಿಲಿಳಿದು ಬರುತ್ತವೆ.

ಜುಲೈ ಕೊನೆಯ ವಾರದ ಒಂದು ಬೆಳಿಗ್ಗೆ ಅವರು ಲ್ಯಾಪ್‌ಟಾಪ್ ಎದೆಗವಚಿಕೊಂಡು ಇಳಿದು ಬಂದರು. ಗಂಟೆ ಎಂಟೂಕಾಲು. ನನ್ನ ಹೆಂಡತಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು.

"ಸಾ, ನಾನು ಕೆಟ್ಟೆ ಕಣ ಸಾ," ಎಂದರು.

ವಿಷಯ ಹೀಗಿತ್ತು. ಅವರ ವೀಸಾ ಮರುದಿನ ಮುಗಿಯುತ್ತಿತ್ತು. ಇನ್ನೊಂದು ವರ್ಷ ವಿಸ್ತರಿಸಲು ಕಂಪನಿಯವರು ಅಂದು ಸಂಜೆಯೊಳಗೆ ಅರ್ಜಿ ಹಾಕಬೇಕಿತ್ತು. ಎಲ್ಲ ಕಾಗದಗಳೂ ಸಿದ್ಧವಿದ್ದವು, ಒಂದನ್ನು ಬಿಟ್ಟು. ಆ ವರ್ಷದ ಆದಾಯ ತೆರಿಗೆ ವಿವರ ಸಲ್ಲಿಸಿದ್ದಕ್ಕೆ ಸ್ವೀಕೃತಿ ಬೇಕಿತ್ತು. ತೆರಿಗೆಯನ್ನು ಕಂಪನಿ ತಿಂಗಳು ತಿಂಗಳೂ ಸಂಬಳದಲ್ಲೇ ಹಿಡಿದು ಕಟ್ಟಿತ್ತು. ವಿವರ ಸಲ್ಲಿಸುವುದು ಮಾತ್ರ ನೌಕರರೇ ಮಾಡಿಕೊಳ್ಳಬೇಕು. ಇವರು ನಾಳೆ ನಾಳೆ ಅಂದುಕೊಂಡು ಅದನ್ನು ಕೊನೆಯ ದಿನದವರೆಗೆ ತಂದಿದ್ದರು. ಈ ಒಂದು ವಿಷಯದಲ್ಲಿ ಅವರು ಪೂರ್ತಿ ನಮ್ಮವರೇ ಆಗಿದ್ದರು.

ವೀಸಾ ಸಿಗದಿದ್ದರೆ ಊರಿಗೆ ಹೋಗಬೇಕು, ಅಷ್ಟೇ ತಾನೆ ಎಂದು ನಾನು ಕೇಳಿದೆ. ಊರಿಗೆ ಹೋಗುವುದು ಅವರಿಗೆ ದೊಡ್ಡದಾಗಿರಲಿಲ್ಲ. ಅವರ ಕೈಕೆಳಗೆ ಇಪ್ಪತ್ತನಾಲ್ಕು ಹೆಂಗಸರ ಒಂದು ತಂಡವಿತ್ತು. ವರ್ಷಗಟ್ಟಲೆ ಅಂಗಿಗೆ ಗುಂಡಿ ಹಾಕುತ್ತಿದ್ದವರನ್ನು ಆರಿಸಿ ಕಾಲರ್ ಹೊಲಿಯುವುದನ್ನು ಕಲಿಸುತ್ತಿದ್ದರು. ಕಾಲರ್ ಕಲಿತವರು ಮುಂದೆ ಸೂಪರ್‌ವೈಸರ್ ಆಗಬಹುದು. ಗುಂಡಿಯವರು ಗುಂಡಿಯಲ್ಲೇ ಮುಗಿಯುತ್ತಾರೆ. ಕಲಿಸುವವಳು ಹೋದರೆ ತಂಡವನ್ನು ಒಡೆದು ಮತ್ತೆ ಗುಂಡಿಗೇ ಕೂರಿಸುವುದಾಗಿ ಮ್ಯಾನೇಜರ್ ಮೊದಲೇ ಹೇಳಿಬಿಟ್ಟಿದ್ದ.

"ಅರ್ಧ ಕಾಲರ್ ಕಲ್ತವ್ರೆ ಸಾ. ಅರ್ಧ ಕಾಲರ್ ಯಾವ ಅಂಗಿಗೆ ಆಯ್ತದೆ?" ಎಂದರು.

ತೆರಿಗೆ ಇಲಾಖೆಯ ಜಾಲತಾಣ ತೆರೆದೆವು. ಪಾಸ್‌ವರ್ಡ್ ಇರಲಿಲ್ಲ. ಹಿಂದಿನ ವರ್ಷ ಅವರು ಅರಕಲಗೂಡಿನ ಹೊಲಿಗೆ ಘಟಕದಲ್ಲಿದ್ದಾಗ ಅಲ್ಲಿನ ಬಸ್ ನಿಲ್ದಾಣದ ಬಳಿಯ ಒಂದು ಕಂಪ್ಯೂಟರ್ ಅಂಗಡಿಯವನು ಎಲ್ಲ ಮಾಡಿಕೊಟ್ಟು, ಪಾಸ್‌ವರ್ಡನ್ನು ಅಂಗಡಿಯ ಚೀಟಿಯ ಹಿಂದೆ ಬರೆದುಕೊಟ್ಟಿದ್ದ. ಚೀಟಿ ಒಂದು ಸಲ ಬಟ್ಟೆಯ ಜೊತೆ ಒಗೆತಕ್ಕೆ ಹೋಗಿ ಬಂದಿತ್ತು. ಮುಂಭಾಗದ ಫೋನ್ ನಂಬರ್ ಅಚ್ಚಿನದು, ಉಳಿದಿತ್ತು. ಹಿಂಭಾಗ ಬರೀ ನೀಲಿ.

ಹೊಸ ಪಾಸ್‌ವರ್ಡ್ ಕೇಳಿದೆವು. ನೋಂದಾಯಿತ ಮೊಬೈಲಿಗೆ ಆರು ಅಂಕಿಯ ಒಟಿಪಿ ಕಳಿಸಿದ್ದೇವೆ, ಹದಿನೈದು ನಿಮಿಷದೊಳಗೆ ಹಾಕಿ ಎಂದು ಬಂತು. ಇವರ ಮೊಬೈಲು ಸುಮ್ಮನಿತ್ತು. ಪರದೆಯ ಮೇಲೆ ನಂಬರಿನ ಕೊನೆಯ ಅಂಕಿಗಳಷ್ಟೇ ಕಾಣುತ್ತಿದ್ದವು. ಇವರ ನಂಬರಿನದಲ್ಲ. ಚೀಟಿ ನೋಡಿದೆ. ಅಂಗಡಿಯ ನಂಬರಿನ ಕೊನೆಯ ಅಂಕಿಗಳು ಅವೇ.

ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ವಯಸ್ಸಾದ ಹೆಣ್ಣು ದನಿ. ನಾನು ನನ್ನ ಪರಿಚಯ ಹೇಳಿಕೊಂಡು, ಈಗ ತಾನೆ ಒಂದು ಒಟಿಪಿ ಬಂದಿರಬೇಕಲ್ಲ ತಾಯಿ, ಅದನ್ನು ಸ್ವಲ್ಪ ಹೇಳುತ್ತೀರಾ ಎಂದೆ. ಫೋನ್ ಕಟ್ಟಾಯಿತು. ಮತ್ತೆ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲ ಎತ್ತಿ, ನಿನಗೆ ಮನೆಯಲ್ಲಿ ಹೆಂಡತಿ ಮಕ್ಕಳು ಇಲ್ಲವೇ ಎಂದು ಕೇಳಿ ಕಟ್ ಮಾಡಿದರು. ಹೆಂಡತಿ ಅಡುಗೆಮನೆಯಿಂದ ಇಣುಕಿ, ಯಾರು ಅದು ಎಂದಳು.

ಅರಕಲಗೂಡಿಗೆ ಹೋಗದೆ ಬೇರೆ ದಾರಿಯಿರಲಿಲ್ಲ. ನಿವೃತ್ತನಿಗೆ ಒಂದು ಕಾರಣ ಸಿಕ್ಕಿತ್ತು, ಹಳೆಯ ಕಾರು ತೆಗೆದೆ. ದಾರಿಯುದ್ದಕ್ಕೂ ಅವರು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಮೊಬೈಲಿನ ಇಂಟರ್ನೆಟ್ಟಿನಲ್ಲೇ ಮತ್ತೆರಡು ಸಲ ಒಟಿಪಿ ಕೇಳಿದರು. ಬೇಡ, ಆ ಕಡೆಯವರಿಗೆ ಸಿಟ್ಟು ಹೆಚ್ಚಾಗುತ್ತದೆ ಎಂದು ನಾನೇ ತಡೆದೆ.

ಅಂಗಡಿಯಲ್ಲಿ ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ, ಹೊಗೆಸೊಪ್ಪಿನ ಬೆಳೆಗಾರರ ಅರ್ಜಿಗೆ ಜನ ನಿಂತಿದ್ದರು. ಮಾಲೀಕನಿಗೆ ಮೂವತ್ತೈದಿರಬಹುದು. ಇವರನ್ನು ನೋಡಿ ಗುರುತು ಹಿಡಿದ, ಕುರ್ಚಿ ಒರೆಸಿ ಕೊಟ್ಟ. ಪಾಸ್‌ವರ್ಡ್ ಬರೆದಿಟ್ಟಿದ್ದೀಯಾ ಎಂದು ಕೇಳಿದ್ದಕ್ಕೆ ಅವನ ಮುಖದಲ್ಲಿ ನೋವು ಕಾಣಿಸಿತು. ಗಿರಾಕಿಯ ಪಾಸ್‌ವರ್ಡನ್ನು ತಾನು ಯಾವತ್ತೂ ಇಟ್ಟುಕೊಳ್ಳುವುದಿಲ್ಲ, ಅದು ತಪ್ಪು ಎಂದ. ಮೊಬೈಲ್ ನಂಬರ್ ಮಾತ್ರ ಎಲ್ಲರಿಗೂ ತನ್ನದನ್ನೇ ಹಾಕುತ್ತಾನಂತೆ.

"ಅರ್ಧ ಜನಕ್ಕೆ ಫೋನಿಲ್ಲ ಸಾ. ಇರೋರು ಮೂರ್ ತಿಂಗ್ಳಿಗೊಂದು ಸಿಮ್ ಬದ್ಲಾಯಿಸ್ತಾರೆ. ನಂದಾದ್ರೆ ಗಟ್ಟಿ ಅಂತ ಹಾಕ್ಬುಟ್ಟೆ. ಇವ್ರಿಗೂ ಅಂಗೇ. ಪರದೇಸದೋರು, ಸುಮ್ನೆ ತೊಂದ್ರೆ ಯಾಕೆ ಅಂತ."

ನಾಲ್ಕೈದು ವರ್ಷ ಹೀಗೆ ನಡೆದ ಮೇಲೆ ತಾಲ್ಲೂಕಿನ ಒಂದು ಪಾಲಿನ ಸರ್ಕಾರಿ ಸಂದೇಶಗಳು ಇವನ ಜೇಬಿಗೆ ಬರತೊಡಗಿದವು. ಯಾರದೋ ಪಿಂಚಣಿ, ಯಾರದೋ ಗ್ಯಾಸು, ಯಾರದೋ ಮಗಳ ಪರೀಕ್ಷೆಯ ಫಲಿತಾಂಶ. ಊಟಕ್ಕೆ ಕೂತರೂ ಕುಂಯ್, ಮಲಗಿದರೂ ಕುಂಯ್. ಕಳೆದ ವರ್ಷ, ಇವರ ಕೆಲಸ ಮಾಡಿಕೊಟ್ಟ ಕೆಲವೇ ದಿನಕ್ಕೆ, ಬೇಸತ್ತು ಹೊಸ ನಂಬರ್ ತೆಗೆದುಕೊಂಡ. ಹಳೆಯದನ್ನು ಬಿಸಾಡಲು ಮನಸ್ಸಾಗದೆ ಒಂದು ಫೋನಿಗೆ ಹಾಕಿ ಹೊಳೆನರಸೀಪುರದ ಅತ್ತೆಗೆ ಕೊಟ್ಟ. ಅತ್ತೆ ಒಂಟಿ, ಅವರಿಗೂ ಒಂದು ಫೋನ್ ಆಯಿತು ಎಂದುಕೊಂಡ. ಚೀಟಿಗಳು ಮಾತ್ರ ಮೊದಲೇ ಅಚ್ಚಾಗಿದ್ದವು.

ಅವನೇ ಅತ್ತೆಗೆ ಫೋನ್ ಮಾಡಿದ, ಸ್ಪೀಕರಿಗೆ ಹಾಕಿದ. ಒಟಿಪಿ ಎಂಬ ಮಾತು ಬರುವವರೆಗೂ ಮಾತುಕತೆ ಚೆನ್ನಾಗಿಯೇ ಇತ್ತು. ಆಮೇಲೆ ಆ ಕಡೆಯಿಂದ ಬಂದ ಉತ್ತರವನ್ನು ನಾನು ಕಾರಿಗೆ ಹಿಂದಿರುಗಿ ಬರೆದಿಟ್ಟುಕೊಂಡೆ:

"ನಮ್ಮಳಿಯನ ದನೀಲಿ ಮಾತಾಡ್ತಿದ್ದೀಯ, ಇರ್ಬೋದು. ಈಗ ಕಂಪ್ಯೂಟರ್ನಾಗೆ ಯಾರ್ ದನಿ ಬೇಕಾದ್ರೂ ಮಾಡ್ತಾರೆ. ನೀನು ಅಳಿಯನೇ ಆಗಿದ್ರೂ ಯೋಳಾಕಿಲ್ಲ. ಅಳಿಯಂಗೂ ಯೋಳ್ಬ್ಯಾಡಿ ಅಂತ ಪೇಪರ್ನಾಗೆ ಬರ್ದವ್ರೆ. ಬೇಕಾದೋರು ಮನೆತಾವ್ಕೆ ಬರ್ಲಿ, ಮಕ ನೋಡಾನ."

ಅವನು ಫೋನ್ ಇಟ್ಟು, ಯಾವನೋ ಪೇಪರಿನವನು ಹಾಗೆ ಬರೆದಿದ್ದಾನಂತೆ ಸಾರ್, ಬೇರೆಯವರ ಮನೆ ಅಳಿಯಂದಿರ ಮೇಲೆ ಅವನಿಗೇನು ಹೊಟ್ಟೆಯುರಿಯೋ ಎಂದು ಬೇಸರಪಟ್ಟ. ನಾನು ಗೋಡೆಯ ಮೇಲಿನ ದರಪಟ್ಟಿಯನ್ನು ಓದುತ್ತ ನಿಂತೆ.

ಅದನ್ನು ಬರೆದವನು ನಾನೇ. ನಿವೃತ್ತಿಗೆ ಕೆಲವು ತಿಂಗಳ ಮೊದಲು, ನಮ್ಮ ಜಿಲ್ಲೆಯ ಒಬ್ಬ ನಿವೃತ್ತ ನೌಕರರು ಫೋನಿನಲ್ಲಿ ಮೋಸಹೋದ ಸುದ್ದಿಯ ಪಕ್ಕದಲ್ಲಿ ಒಂದು ಸಣ್ಣ ಚೌಕಟ್ಟು ಮಾಡಿದ್ದೆ. ಪರಿಚಿತರೇ ಆಗಿರಲಿ ಯಾರಿಗೂ ಒಟಿಪಿ ಹೇಳಬಾರದು, ಇಷ್ಟೇ ಇತ್ತು. ಪುಟ ಕಟ್ಟುವಾಗ ಚೌಕಟ್ಟಿನಲ್ಲಿ ಒಂದು ಸಾಲು ಖಾಲಿ ಉಳಿಯಿತು. ಖಾಲಿ ತುಂಬಲು "ಅಳಿಯನೇ ಆಗಿರಲಿ" ಎಂದು ಸೇರಿಸಿದೆ. ಅಳಿಯಂದಿರ ಬಗ್ಗೆ ನನಗೆ ಅಭಿಪ್ರಾಯವೇನೂ ಇಲ್ಲ. ಅಳತೆಗೆ ಸರಿಹೋಯಿತು, ಅಷ್ಟೇ.

ಕಾರಿನಲ್ಲಿ ಇದನ್ನು ನಮ್ಮ ಬಾಡಿಗೆಯವರಿಗೆ ಹೇಳಿದೆ. ಅವರು ಕಿಟಕಿಯ ಆಚೆ ಶುಂಠಿ ಹೊಲಗಳನ್ನು ನೋಡುತ್ತಲೇ, "ಬಟ್ಟೆ ಕಮ್ಮಿ ಬಿದ್ರೆ ನಾವೂ ತುಂಡು ಸೇರಿಸ್ತೀವಿ ಸಾ. ಆದ್ರೆ ಅಂಗಿ ಬಣ್ಣ ನೋಡ್ಕಂಡು ಸೇರಿಸ್ತೀವಿ," ಎಂದರು.

ಹೊಳೆನರಸೀಪುರದಲ್ಲಿ ಅವನ ಅತ್ತೆಯ ಮನೆಗೆ ಬೀಗ ಬಿದ್ದಿತ್ತು. ಆಗ ಹನ್ನೆರಡೂವರೆ. ಪಕ್ಕದ ಮನೆಯಾಕೆ ಕೊಟ್ಟ ಮಾಹಿತಿಯ ಪ್ರಕಾರ, ಆ ಅಜ್ಜಿ ಹದಿನೈದು ದಿನದಿಂದ ಚನ್ನರಾಯಪಟ್ಟಣದ ತಂಗಿಯ ಮನೆಯಲ್ಲಿದ್ದರು. ತಂಗಿಯ ಮಗಳಿಗೆ ಹೆರಿಗೆಯಾಗಿತ್ತು. ತಂಗಿಗೆ ಸೊಂಟನೋವು. ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವುದರಲ್ಲಿ ಈ ಅಜ್ಜಿಯ ಕೈ ಹೆಸರುವಾಸಿ. ಮನೆಗೆ ಬನ್ನಿ ಅಂದವರು ಯಾವ ಮನೆಗೆ ಎಂದು ಹೇಳಿರಲಿಲ್ಲ. ಅದು ಊರಿಗೆಲ್ಲ ಗೊತ್ತಿರುವ ಸಂಗತಿ ಎಂದು ಅವರು ಭಾವಿಸಿದ್ದರು.

ಅದೇ ಮನೆಯಾಕೆ ಇನ್ನೊಂದು ಸಂಗತಿಯನ್ನೂ ಹೇಳಿದಳು. ಅರಕಲಗೂಡು ತಾಲ್ಲೂಕಿನಲ್ಲಿ ಯಾರಿಗೆ ಪಿಂಚಣಿ ಬಂತು, ಯಾರಿಗೆ ನಿಂತಿತು, ಯಾವ ಹುಡುಗಿ ಗಣಿತದಲ್ಲಿ ನಪಾಸಾದಳು ಎಂಬುದೆಲ್ಲ ಅಜ್ಜಿಗೆ ಮೊದಲು ತಿಳಿಯುತ್ತದಂತೆ. ಬೇಕಾದವರು ಬಂದು ಕೇಳಿಕೊಂಡು ಹೋಗುತ್ತಾರಂತೆ. ನಾನು ಮೂವತ್ತು ವರ್ಷ ಈ ಜಿಲ್ಲೆಯ ಸುದ್ದಿ ಮಾಡಿದವನು. ಅಷ್ಟು ಖಚಿತವಾದ ಮೂಲಗಳು ನನಗಿರಲಿಲ್ಲ.

ಚನ್ನರಾಯಪಟ್ಟಣ ತಲುಪಿದಾಗ ಎರಡು ಗಂಟೆ. ಅಜ್ಜಿ ಬಚ್ಚಲುಮನೆಯ ಬಾಗಿಲ ಬಳಿ ಮಣೆಯ ಮೇಲೆ ಕಾಲು ನೀಡಿ ಕೂತು, ಮೊಣಕಾಲಿನಿಂದ ಕೆಳಕ್ಕೆ ಕೂಸನ್ನು ಅಂಗಾತ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ನಮ್ಮನ್ನು ಕಂಡು ಎದ್ದೇಳಲಿಲ್ಲ, ಏಳುವ ಸ್ಥಿತಿಯೂ ಅದಲ್ಲ. ಕೂರಿ ಎಂದು ಕಣ್ಣಲ್ಲೇ ಹೇಳಿದರು. ಬೆಳಿಗ್ಗೆ ಮೂರು ಸಲ ಫೋನ್ ಮಾಡಿದವನು ನಾನೇ ಎಂದು ಒಪ್ಪಿಕೊಂಡೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೆಂಡತಿ ಮಕ್ಕಳಿದ್ದಾರಾ ಎಂದು ಮತ್ತೊಮ್ಮೆ ವಿಚಾರಿಸಿದರು. ಇದ್ದಾರೆ ಎಂದೆ.

ಇಷ್ಟರಲ್ಲಿ ನಮ್ಮ ಬಾಡಿಗೆಯವರು ಅವಸರಕ್ಕೆ ಒಟಿಪಿ ಕೇಳಿಯೇಬಿಟ್ಟಿದ್ದರು. ಬಾಣಂತಿ ಮಲಗಿದ್ದ ಕೋಣೆಯೊಳಗೆ ಫೋನ್ ಕುಂಯ್ ಎಂದಿತು. ಅಜ್ಜಿಯ ಎರಡೂ ಕೈಗಳು ಎಣ್ಣೆಯಲ್ಲಿದ್ದವು. ಕೂಸಿನ ಮೇಲೆ ಮೊದಲ ಚೊಂಬು ನೀರು ಬಿದ್ದಿತ್ತು. ಎಣ್ಣೆ ಇಳಿಯುವವರೆಗೆ ನೀರು ಹಾಕಿ, ಒರೆಸಿ, ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆ ಸುತ್ತಿ, ತಾಯಿಯ ಪಕ್ಕ ಮಲಗಿಸಿ ಬರುವ ಹೊತ್ತಿಗೆ ನನ್ನ ಗಡಿಯಾರದಲ್ಲಿ ಇಪ್ಪತ್ತಾರು ನಿಮಿಷ. ಆ ಒಟಿಪಿ ಸತ್ತಿತ್ತು. ಕೂಸು ಆಗಲೇ ನಿದ್ದೆ ಹೋಗಿತ್ತು.

ಅಜ್ಜಿ ಫೋನ್ ತಂದು ಎದುರಿಗೆ ಕೂತರು. ವಿಚಾರಣೆ ಆರಂಭವಾಯಿತು. ಹಿಂದಿನ ವರ್ಷ ಇದೇ ಇಲಾಖೆಯಿಂದ ಒಂದು ಸಂದೇಶ ಬಂದಿತ್ತು, ಅದರಲ್ಲಿದ್ದ ಹೆಸರು ಯಾರದು ಎಂದು ಕೇಳಿದರು. ನಮ್ಮವರು ತಮ್ಮ ಪೂರ್ತಿ ಹೆಸರನ್ನು ಹೇಳಿದರು. ಅದು ಉದ್ದದ ಹೆಸರು, ಬಾಡಿಗೆ ಕರಾರಿನಲ್ಲಿ ಎರಡು ಸಾಲು ಹಿಡಿದಿತ್ತು. ಅಜ್ಜಿ ಫೋನಿನಲ್ಲಿ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಹೊಂದಿಸಿಕೊಂಡು ಕೊನೆಗೆ ತಲೆಯೆತ್ತಿದರು.

"ನೀನೇನವ್ವ ಅವ್ಳು? ಒಂದ್ ವರ್ಸದಿಂದ ತಲೆ ಕೆರ್ಕತಾ ಇವ್ನಿ, ನಮ್ಮ್ ಸೀಮೇಲಿ ಇಂತಾ ಹೆಸ್ರು ಯಾರ್ ಮಡಗಿದ್ರು ಅಂತ."

ಗುರುತು ಖಚಿತವಾಯಿತು, ಇನ್ನು ಒಟಿಪಿ ಹೇಳುತ್ತಾರೆ ಎಂದುಕೊಂಡೆ. ಅವರು ಫೋನಿನ ಕವರ್ ಬಿಡಿಸಿ ಒಳಗಿನಿಂದ ಮಡಿಸಿದ ಪತ್ರಿಕೆಯ ತುಣುಕೊಂದನ್ನು ತೆಗೆದು ನನ್ನ ಕೈಗಿತ್ತರು. ನನ್ನದೇ ಚೌಕಟ್ಟು. ಮೂರು ಮಡಿಕೆಯಾಗಿತ್ತು, ಅಳಿಯನ ಸಾಲಿನ ಮೇಲೆ ಸರಿಯಾಗಿ ಒಂದು ಮಡಿಕೆ. ಬರೆದವನು ನಾನೇ ಎಂದು ಹೇಳಿದೆ. ಚೌಕಟ್ಟಿಗೆ ಹೆಸರು ಹಾಕುವ ಪದ್ಧತಿಯಿಲ್ಲ, ಆದ್ದರಿಂದ ನನ್ನ ಬಳಿ ಪುರಾವೆಯಿರಲಿಲ್ಲ.

"ನೀವೇ ಬರ್ದಿದ್ರೆ ನೀವೇ ಯಾಕ್ ಸಾ ಕೇಳಾಕ್ ಬತ್ತಿದ್ರಿ?" ಎಂದರು ಅಜ್ಜಿ.

ಗಂಟೆ ಮೂರಾಗುತ್ತಿತ್ತು. ನಮ್ಮವರು ಲ್ಯಾಪ್‌ಟಾಪ್ ಮುಚ್ಚಿ, ನನ್ನನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿ ಕೂತರು. ವೀಸಾ, ಇಲಾಖೆ, ಸ್ವೀಕೃತಿ ಯಾವುದನ್ನೂ ಎತ್ತಲಿಲ್ಲ. ತಮ್ಮ ಸಾಲಿನ ಇಪ್ಪತ್ತನಾಲ್ಕು ಹೆಂಗಸರ ವಿಷಯ ಹೇಳಿದರು. ಯಾರು ಎಷ್ಟು ವರ್ಷ ಗುಂಡಿ ಹಾಕಿದರು, ಮೊದಲ ಕಾಲರ್ ಸೊಟ್ಟಗಾದಾಗ ಯಾರು ಅತ್ತರು, ಯಾರು ಬಿಚ್ಚಿ ಮತ್ತೆ ಹೊಲಿದರು. ಅವರಲ್ಲಿ ಇಬ್ಬರು ಅರಕಲಗೂಡಿನ ಕಡೆಯವರು. ಅವರ ಹೆಸರು ಹೇಳುತ್ತಿದ್ದಂತೆ ಅಜ್ಜಿ ತಡೆದರು. ಒಬ್ಬಳ ಅತ್ತೆಗೆ ಪಿಂಚಣಿ ಮಾರ್ಚ್‌ನಿಂದ ನಿಂತಿದೆ ಎಂದರು. ಇವರಿಗೆ ಅದು ಗೊತ್ತಿರಲಿಲ್ಲ.

ಅಜ್ಜಿ ನನ್ನ ಕೈಯಿಂದ ತುಣುಕನ್ನು ವಾಪಸು ತೆಗೆದುಕೊಂಡು ಮೊದಲಿನಿಂದ ಓದಿದರು. ತುಟಿ ಆಡುತ್ತಿತ್ತು. ನನ್ನ ಬರಹವನ್ನು ಅಷ್ಟು ಎಚ್ಚರದಿಂದ ಓದಿದ ಬೇರೊಬ್ಬರನ್ನು ನಾನು ಕಂಡಿಲ್ಲ, ನಮ್ಮ ಸಂಪಾದಕರೂ ಸೇರಿ.

"ಯಾರ್ಗೂ ಯೋಳ್ಬಾರ್ದು ಅಂತ ಬರ್ದದೆ," ಎಂದರು ನಿಧಾನವಾಗಿ. "ಒತ್ಬಾರ್ದು ಅಂತ ಬರ್ದಿಲ್ವಲ್ಲ. ತತ್ತಾ ಇತ್ಲಾಗೆ."

ಲ್ಯಾಪ್‌ಟಾಪ್ ಅವರ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಹೋಯಿತು. ಮತ್ತೆ ಒಟಿಪಿ ಕೇಳಿದೆವು, ಫೋನ್ ಕುಂಯ್ ಎಂದಿತು. ಅಜ್ಜಿ ನಮ್ಮಿಬ್ಬರಿಗೂ ಆ ಕಡೆ ತಿರುಗಿ ಕೂರಲು ಹೇಳಿದರು. ನಾನು ಗೋಡೆ ನೋಡುತ್ತ ಕೂತೆ. ನಮ್ಮವರು ತೊಟ್ಟಿಲು ನೋಡುತ್ತ ಕೂತರು. ಹಿಂದೆ ಒಂದೊಂದೇ ಕೀಲಿ ಟಕ್ ಎನ್ನುವುದು ಕೇಳಿಸುತ್ತಿತ್ತು. ನಾಲ್ಕನೆಯ ಟಕ್ಕಿನ ನಂತರ ದೀರ್ಘ ಮೌನ. ಕನ್ನಡಕ ಒರೆಸಿಕೊಳ್ಳುತ್ತಿದ್ದರಂತೆ. ಐದು, ಆರು. ತಿರುಗಿ ನೋಡಿದಾಗ ಪರದೆಯ ಮೇಲೆ ಸೆರಗು ಹೊದಿಸಿತ್ತು.

ಹೊಸ ಪಾಸ್‌ವರ್ಡ್ ಇಟ್ಟೆವು. ಮೊದಲ ಕೆಲಸವಾಗಿ ಮೊಬೈಲ್ ನಂಬರನ್ನು ಅವರದೇ ನಂಬರಿಗೆ ಬದಲಾಯಿಸಿದೆವು. ಆಮೇಲೆ ವಿವರ ತುಂಬತೊಡಗಿದೆವು. ಕಂಪನಿ ಕೊಟ್ಟ ಸಂಬಳ, ತೆರಿಗೆ ಲೆಕ್ಕದ ಫಾರಂ ಹದಿನಾರನ್ನು ನೋಡಿ ನಾನು ಓದುವುದು, ಅವರು ಹಾಕುವುದು. ವರ್ಷದಲ್ಲಿ ನೂರ ಎಂಬತ್ತೆರಡು ದಿನವೋ ಹೆಚ್ಚೋ ಭಾರತದಲ್ಲಿದ್ದಿರಾ ಎಂಬ ಪ್ರಶ್ನೆ ಬಂತು. ಇದ್ದರು. ಹಾಗಾದರೆ ತೆರಿಗೆಯ ಮಟ್ಟಿಗೆ ಅವರು ಇಲ್ಲಿನ ನಿವಾಸಿ. ಇದನ್ನು ನಾನು ಅಜ್ಜಿಗೆ ವಿವರಿಸಿದೆ. ವೀಸಾದ ಕಿಟಕಿಯಲ್ಲಿ ನಾಳೆಗೆ ಮುಗಿಯುವವರು, ತೆರಿಗೆಯ ಕಿಟಕಿಯಲ್ಲಿ ನಿವಾಸಿ ಎಂದೆ.

"ತೆರ್ಗೆ ಕಟ್ಟಾಕೆ ನಮ್ಮೋಳು, ಇರಾಕೆ ಪರದೇಸ್ದೋಳಾ?" ಎಂದು ಕೇಳಿದರು.

ಇಲಾಖೆಯ ಪರವಾಗಿ ಉತ್ತರ ಕೊಡುವ ಅಧಿಕಾರ ನನಗಿಲ್ಲ, ಫಾರಂನ ಮುಂದಿನ ಸಾಲು ಓದಿದೆ.

ಕೊನೆಯಲ್ಲಿ ದೃಢೀಕರಣಕ್ಕೆ ಇನ್ನೊಂದು ಸಂಖ್ಯೆ ಬರಬೇಕಿತ್ತು, ಅದು ಬ್ಯಾಂಕಿನ ಮೂಲಕ ಇವರದೇ ಫೋನಿಗೆ ಬಂತು. ಇವರು ಅಭ್ಯಾಸಬಲದಿಂದ ಗಟ್ಟಿಯಾಗಿ ಓದಲು ಬಾಯಿ ತೆರೆದರು. ಅಜ್ಜಿ ಅವರ ಮೊಣಕೈಗೆ ಒಂದು ಕೊಟ್ಟು, ಬಾಯಿ ಬಿಡಬೇಡ, ನೀನೇ ಒತ್ತು ಎಂದರು. ಒತ್ತಿದರು. ನಾಲ್ಕು ಐವತ್ತಕ್ಕೆ ಸ್ವೀಕೃತಿ ಬಂತು. ನಾಲ್ಕು ಐವತ್ತೆರಡಕ್ಕೆ ಅದು ಕಂಪನಿಯ ಬೆಂಗಳೂರು ಕಚೇರಿಗೆ ಹೋಯಿತು. ಐದೂಮುಕ್ಕಾಲಿಗೆ, ನಾವು ಹೆದ್ದಾರಿಯಲ್ಲಿ ಶಾಂತಿಗ್ರಾಮ ದಾಟುವಾಗ, ಅರ್ಜಿ ಹಾಕಿದ್ದೇವೆ ಎಂದು ಅಲ್ಲಿಂದ ತಿಳಿಸಿದರು.

ಹೊರಡುವ ಮೊದಲು ಎರಡು ಮಾತಾಗಿತ್ತು. ಒಂದು, ಆ ಪೇಪರಿನವನು ಸಿಕ್ಕರೆ "ಒತ್ತಲೂಬಾರದು" ಎಂದು ಸೇರಿಸಲು ಹೇಳಿ, ಎಲ್ಲರೂ ತಮ್ಮ ಹಾಗೆ ಮುಖ ನೋಡಿ ಒತ್ತುವವರಲ್ಲ ಎಂದು ಅಜ್ಜಿ ನನಗೆ ಹೇಳಿದ್ದು. ತಿಳಿಸುತ್ತೇನೆ ಎಂದೆ. ಇನ್ನೊಂದು, ನಂಬರ್ ಬದಲಾದ ಮೇಲೆ ಇವರ ಸಂದೇಶಗಳು ಇನ್ನು ತಮ್ಮ ಫೋನಿಗೆ ಬರುವುದಿಲ್ಲ ಎಂಬುದು ಅವರಿಗೆ ಆಗಷ್ಟೇ ಹೊಳೆದದ್ದು. ಮುಖ ಸ್ವಲ್ಪ ಇಳಿಯಿತು. ಗುಂಡಿಗೆ ಕೂರಿಸಿದರೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು ಎಂದರು. ನಮ್ಮವರು ತಾವೇ ತಿಳಿಸುವುದಾಗಿ ಮಾತು ಕೊಟ್ಟರು.

ಅರ್ಜಿ ತೀರ್ಮಾನವಾಗಲು ಮೂರು ವಾರಕ್ಕಿಂತ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ಅವರು ಕಾರ್ಖಾನೆಗೆ ಹೋಗಿ ಬರುತ್ತಿದ್ದರು, ತಂಡವನ್ನು ಮ್ಯಾನೇಜರ್ ಒಡೆಯಲೂ ಇಲ್ಲ, ಉಳಿಸುತ್ತೇನೆ ಅನ್ನಲೂ ಇಲ್ಲ. ಒಂದು ಭಾನುವಾರ ಬೆಳಿಗ್ಗೆ ಒಪ್ಪಿಗೆ ಬಂತು, ತಂಡ ಹಾಗೇ ಇರಲಿ ಎಂದು ಮ್ಯಾನೇಜರ್ ಕೂಡ ಫೋನಿನಲ್ಲಿ ಹೇಳಿದ. ಅವರು ಮೆಟ್ಟಿಲ ಮೇಲೇ ನಿಂತು ಚನ್ನರಾಯಪಟ್ಟಣಕ್ಕೆ ಫೋನ್ ಮಾಡಿದರು. ನಾನು ಕೆಳಗೆ ಪತ್ರಿಕೆ ಹಿಡಿದು ಕೂತಿದ್ದೆ. ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. ಅವರು ಫೋನ್ ನೋಡುತ್ತ ಕೆಳಗಿಳಿದು ಬಂದರು.

"ಅಜ್ಜಿ ನಂಬ್ತಿಲ್ಲ ಸಾ. ಬಾಯಲ್ಲಿ ಯಾರ್ ಬೇಕಾದ್ರೂ ಯೋಳ್ತಾರೆ, ಮೆಸೇಜ್ ಬಂದ್ರೆ ನಂಬ್ತೀನಿ ಅಂತವ್ರೆ."

ಏನು ಬರೆಯಲಿ ಎಂದು ಕೇಳಿದರು. ಅಜ್ಜಿ ಓದಿ ರೂಢಿಯಿರುವ ಧಾಟಿ ಯಾವುದೆಂದು ನನಗೆ ಗೊತ್ತಿತ್ತು. ನಾನು ಹೇಳಿದೆ, ಅವರು ಒತ್ತಿದರು: "ನಿಮ್ಮ ಗಮನಕ್ಕೆ. ವೀಸಾ ಒಂದು ವರ್ಷ ವಿಸ್ತರಣೆಯಾಗಿದೆ. ಕಾಲರ್ ತಂಡ ಯಥಾಸ್ಥಿತಿ. ಇಬ್ಬರು ಸೂಪರ್‌ವೈಸರ್ ತರಬೇತಿಗೆ ಆಯ್ಕೆ." ಕೊನೆಯ ಸಾಲಿನ ಸುದ್ದಿ ಅವರೇ ಕೊಟ್ಟದ್ದು, ನಿಜವೇ ಎಂದು ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ.

ಹತ್ತು ನಿಮಿಷಕ್ಕೆ ಅಜ್ಜಿಯೇ ಫೋನ್ ಮಾಡಿದರು. ಬಂತು ಕಣವ್ವ, ಈಗ ನಂಬಿದೆ ಎಂದರು. ಆ ಇಬ್ಬರು ಯಾರು ಎಂದು ಕೇಳಿದರು.